ನೀವು ಕಳಿಸಿದ ನೋಟ್ಸನ್ನು ಮೊಬೈಲ್ ಓದಿ ಹೇಳುತ್ತದಾ?

ಧಾರವಾಡದಲ್ಲಿ ಓದುವವರಿಗೆ ಪುಸ್ತಕದ ಬರ ಇಲ್ಲ. ಸುಭಾಸ ರೋಡಿನಲ್ಲಿ ಪುಸ್ತಕದ ಅಂಗಡಿಗಳಿವೆ. ಸಪ್ತಾಪುರದ ಕಡೆ ಹೋದರೆ ಸಾಲು ಸಾಲು ಝೆರಾಕ್ಸ್ ಅಂಗಡಿ, ಯಾವ ವಿಷಯ ಕೇಳಿದರೂ ನೋಟ್ಸ್ ಸ್ಪೈರಲ್ ಬೈಂಡ್ ಆಗಿ ಕೈಗೆ ಬರುತ್ತವೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಗಂತೂ ದಿನಾ ಒಂದಲ್ಲ ಒಂದು ಪಿಡಿಎಫ್ ಬಂದು ಬೀಳುತ್ತಲೇ ಇರುತ್ತದೆ. ಇಷ್ಟೆಲ್ಲ ಇದ್ದರೂ ಅದೇ ಕ್ಲಾಸಿನಲ್ಲಿ ಕೂತ ಕಣ್ಣು ಕಾಣದ ಹುಡುಗನಿಗೆ, ಯಾರ ನೆರವೂ ಇಲ್ಲದೆ ತಾನೇ ಓದಿಕೊಳ್ಳಬಹುದಾದ ಒಂದು ಪುಟವೂ ಇಡೀ ಸೆಮಿಸ್ಟರಿನಲ್ಲಿ ಸಿಗದೇ ಹೋಗಬಹುದು.

ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ‘ಅವರಿಗೆ ಬ್ರೈಲ್ ಬೇಕಲ್ರಿ, ಅದಕ್ಕ ಮಷೀನ್ ಬೇಕು, ಯೂನಿವರ್ಸಿಟಿಯವರು ತರಿಸಬೇಕು, ನಮ್ಮ ಕೈಯಾಗ ಏನೈತ್ರಿ?’ ನಾನು ಕನ್ನಡ ಪಾಠ ಮಾಡುವವನು, ಸ್ಟಾಫ್ ರೂಮಿನಲ್ಲಿ ಈ ಮಾತನ್ನು ಬೇಕಾದಷ್ಟು ಸಲ ಕೇಳಿದ್ದೇನೆ. ಹಾಗೆ ಹೇಳುವವರು ಕೆಟ್ಟವರೇನಲ್ಲ. ಆದರೆ ನಮ್ಮ ಕೈಯಲ್ಲಿ ಬಹಳ ಇದೆ. ಫೈಲನ್ನು ಮೊದಲ ಸಲ ಟೈಪ್ ಮಾಡುವವರು ಸರಿಯಾಗಿ ಟೈಪ್ ಮಾಡಿಬಿಟ್ಟರೆ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ. ಅಲ್ಲಿ ತಪ್ಪಿದರೆ ಆಮೇಲೆ ಯಾರೋ ಒಬ್ಬರು, ಹೆಚ್ಚಾಗಿ ಆ ವಿದ್ಯಾರ್ಥಿಯ ಗೆಳೆಯನೋ ತಂಗಿಯೋ, ರಾತ್ರಿ ಕೂತು ಅದನ್ನು ರಿಪೇರಿ ಮಾಡುತ್ತಲೇ ಇರಬೇಕಾಗುತ್ತದೆ.

ಸರಿಯಾಗಿದೆಯಾ ಇಲ್ಲವಾ ಅಂತ ತಿಳಿಯುವುದು ಸುಲಭ. ನೀವು ಗ್ರೂಪಿಗೆ ಹಾಕಲಿರುವ ಫೈಲನ್ನು ಮೊಬೈಲಿನಲ್ಲಿ ತೆರೆಯಿರಿ. ಒಂದು ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು ಕಾಪಿ ಮಾಡಿ. ಯಾರಿಗಾದರೂ ಮೆಸೇಜ್ ಬರೆಯುವ ಜಾಗದಲ್ಲಿ ಪೇಸ್ಟ್ ಮಾಡಿ. ಅದೇ ಕನ್ನಡ ಸಾಲು ತಪ್ಪಿಲ್ಲದೆ ಬಂದರೆ ಒಳ್ಳೆಯದು. ಸಾಲು ಸೆಲೆಕ್ಟೇ ಆಗದಿದ್ದರೆ ಅದು ಬರೀ ಫೋಟೋ. ಸೆಲೆಕ್ಟ್ ಆಗಿ, ಪೇಸ್ಟ್ ಮಾಡಿದಾಗ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಸೇರಿ ಚಿತ್ರಾನ್ನ ಬಂದರೆ ಅದು ಹಳೇ ಫಾಂಟಿನ ಫೈಲು. ಈ ಎರಡನ್ನೂ ಓದಿ ಹೇಳುವ ಸಾಫ್ಟ್‌ವೇರಿಗೆ ಕೊಟ್ಟರೆ ಉಪಯೋಗ ಇಲ್ಲ.

ಕಣ್ಣು ಕಾಣದವರು ಈಗ ಓದುವುದು ಹೇಗೆ?

ಬಹಳ ಜನರಿಗೆ ಇದು ಗೊತ್ತಿಲ್ಲ, ಅದಕ್ಕೇ ಇಲ್ಲಿಂದ ಶುರು ಮಾಡುತ್ತೇನೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಅನ್ನೋ ಸೌಲಭ್ಯ ಮೊದಲೇ ಇರುತ್ತದೆ. ಅದನ್ನು ಆನ್ ಮಾಡಿದರೆ ಬೆರಳು ಮುಟ್ಟಿದ ಕಡೆ ಏನಿದೆ ಅಂತ ಫೋನೇ ಓದಿ ಹೇಳುತ್ತದೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಇದೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದದ್ದು, ಪೂರ್ತಿ ಉಚಿತ, ಅದನ್ನು ಶುರು ಮಾಡಿದವರಿಗೂ ಕಣ್ಣು ಕಾಣುವುದಿಲ್ಲ. ಇಂಥ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಕೇಳಲು ಸ್ವಲ್ಪ ಯಂತ್ರದ ದನಿ, ಆದರೆ ರೂಢಿಯಾದವರು ಅದನ್ನು ನಾವು ಕಣ್ಣಾಡಿಸುವಷ್ಟೇ ವೇಗದಲ್ಲಿ ಓಡಿಸಿ ಕೇಳುತ್ತಾರೆ. ಗೂಗಲ್‌ನ ಧ್ವನಿಯಲ್ಲೂ ಕನ್ನಡ ಇದೆ. ಅಂದರೆ ಓದುವ ಸಲಕರಣೆ ಬಹಳ ವಿದ್ಯಾರ್ಥಿಗಳ ಜೇಬಿನಲ್ಲೇ ಇದೆ. ಓದಲು ಬೇಕಾದ ಅಕ್ಷರ ಮಾತ್ರ ನಾವು ಕೊಡುತ್ತಿಲ್ಲ.

ಸ್ಕ್ರೀನ್ ರೀಡರ್ ಪರದೆಯ ಮೇಲಿನ ಚಿತ್ರವನ್ನು ನೋಡುವುದಿಲ್ಲ, ಅದರ ಹಿಂದೆ ಕಂಪ್ಯೂಟರಿನೊಳಗೆ ಯಾವ ಅಕ್ಷರ ಇದೆಯೋ ಅದನ್ನು ಓದುತ್ತದೆ. ಇದೊಂದು ವಿಷಯ ತಲೆಯಲ್ಲಿ ಕೂತರೆ ಮುಂದಿನದೆಲ್ಲ ತಾನಾಗೇ ತಿಳಿಯುತ್ತದೆ.

ಪುಸ್ತಕದ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿ ಕಳಿಸುತ್ತೇವಲ್ಲ, ಅದರ ಹಿಂದೆ ಅಕ್ಷರವೇ ಇರುವುದಿಲ್ಲ. ಹಾವೇರಿ ಕಡೆಯ ಒಬ್ಬ ವಿದ್ಯಾರ್ಥಿನಿ ನನಗೆ ಹೇಳಿದ್ದು ಹೀಗೆ: ‘ಸರ್, ಫೈಲ್ ಬಂದೈತ್ರಿ, ಆದ್ರ ಅದು ಬರೇ ಪೇಜ್ ಒಂದು, ಪೇಜ್ ಎರಡು ಅಂತೈತ್ರಿ. ಒಳಗ ಏನೂ ಇಲ್ರಿ.’ ನಮ್ಮ ಕಣ್ಣಿಗೆ ನಲವತ್ತು ಪುಟ ತುಂಬಿದ ನೋಟ್ಸ್, ಅವಳ ಕಿವಿಗೆ ಖಾಲಿ ಹಾಳೆ.

ಫೋಟೋದಿಂದ ಅಕ್ಷರ ಹೊರತೆಗೆಯುವ ದಾರಿ ಇಲ್ಲ ಅಂತಲ್ಲ. ಅದಕ್ಕೆ ಓಸಿಆರ್ ಅನ್ನುತ್ತಾರೆ. ಪುಟದ ಫೋಟೋವನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಿನಲ್ಲಿ ತೆರೆದರೆ ಕನ್ನಡವೂ ಅಕ್ಷರವಾಗಿ ಬರುತ್ತದೆ. ಟೆಸರಾಕ್ಟ್ ಅನ್ನೋ ಉಚಿತ ಸಾಫ್ಟ್‌ವೇರಿಗೂ ಕನ್ನಡ ಬರುತ್ತದೆ. ಒಳ್ಳೆಯ ಮುದ್ರಣ, ನೇರವಾಗಿ ಸ್ಕ್ಯಾನ್ ಮಾಡಿದ ಪುಟ ಆದರೆ ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಮೂರನೇ ಸಲದ ಝೆರಾಕ್ಸ್, ಮಧ್ಯೆ ಬೈಂಡಿಂಗಿನ ನೆರಳು, ಅಂಚಿನಲ್ಲಿ ಯಾರೋ ಪೆನ್ನಿನಿಂದ ಬರೆದದ್ದು ಇದ್ದರೆ ಒತ್ತಕ್ಷರ ಹಾರಿಹೋಗುತ್ತವೆ, ‘ಪ’ ಇದ್ದಲ್ಲಿ ‘ಷ’ ಬರುತ್ತದೆ, ಎರಡು ಕಾಲಂ ಇದ್ದ ಪುಟದಲ್ಲಿ ಆ ಕಡೆಯ ಸಾಲು ಈ ಕಡೆಗೆ ಸೇರಿಕೊಳ್ಳುತ್ತದೆ. ಕೈಬರಹದ ನೋಟ್ಸ್ ಆದರೆ ನೆಚ್ಚಿಕೊಳ್ಳುವುದೇ ಬೇಡ. ಹೀಗೆ ತೆಗೆದ ಪಠ್ಯವನ್ನು ಕಣ್ಣು ಕಾಣುವವರು ಒಬ್ಬರು ಪುಸ್ತಕದ ಜೊತೆ ಹೋಲಿಸಿ ತಿದ್ದಲೇಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ತಿದ್ದದೇ ಕೊಟ್ಟರೆ, ಓದುವವನಿಗೆ ಯಾವುದು ತಪ್ಪು ಯಾವುದು ಸರಿ ಅಂತ ತಿಳಿಯುವ ದಾರಿಯೇ ಇರುವುದಿಲ್ಲ.

ನುಡಿ, ಬರಹ ಮತ್ತು ನಮ್ಮ ಡಿಟಿಪಿ ಅಂಗಡಿಗಳು

ಕನ್ನಡಕ್ಕೆ ಅಂಟಿಕೊಂಡ ತೊಂದರೆ ಇದು. ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟೈಪಿಂಗ್ ನಡೆದದ್ದು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿ. ಆ ಕಾಲಕ್ಕೆ ಅವು ದೊಡ್ಡ ಉಪಕಾರ ಮಾಡಿದವು, ಅದನ್ನು ಮರೆಯಬಾರದು. ಅವಿಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಆ ಫಾಂಟುಗಳ ಒಳಗೆ ಕನ್ನಡ ಅಕ್ಷರ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಕನ್ನಡದ ವೇಷ ಹಾಕಿ ನಿಲ್ಲಿಸಿದ ವ್ಯವಸ್ಥೆ ಅದು.

‘ಕನ್ನಡ’ ಅನ್ನೋ ಪದವನ್ನೇ ತೆಗೆದುಕೊಳ್ಳಿ. ನುಡಿಯ ಹಳೇ ಫಾಂಟಿನಲ್ಲಿ ಇದನ್ನು ಟೈಪ್ ಮಾಡಿದರೆ ಪರದೆಯ ಮೇಲೆ ಚೆಂದದ ಕನ್ನಡ ಕಾಣುತ್ತದೆ. ಒಳಗೆ ಇರುವುದು ಮಾತ್ರ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಇನ್ನೊಮ್ಮೆ ಗೀಟಿನ ಎ. ಕಣ್ಣಿದ್ದವರಿಗೆ ಫಾಂಟು ಇದನ್ನೆಲ್ಲ ಮುಚ್ಚಿ ಕನ್ನಡ ತೋರಿಸುತ್ತದೆ. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ. ಒಂದು ಪದಕ್ಕೇ ಹೀಗಾದರೆ ಒಂದು ಅಧ್ಯಾಯ ಕೇಳುವವರ ಗತಿ ಏನಾಗಬೇಕು, ನೀವೇ ಊಹಿಸಿ.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಟ್ಟ ಯೂನಿಕೋಡ್ ಅನ್ನೋ ವ್ಯವಸ್ಥೆಯಲ್ಲಿ ಹಾಗಿಲ್ಲ. ಅಲ್ಲಿ ‘ಕ’ ಅಂದರೆ ‘ಕ’ನೇ, ಯಾವ ಫಾಂಟ್ ಹಾಕಿದರೂ, ಯಾವ ಫೋನಿನಲ್ಲಿ ತೆರೆದರೂ. ಈಗಿನ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ, ಕೀಲಿಮಣೆ ಅದೇ ಹಳೇದು. ಟೈಪಿಸ್ಟು ಹೊಸದಾಗಿ ಏನೂ ಕಲಿಯಬೇಕಾಗಿಲ್ಲ, ಆಯ್ಕೆ ಬದಲಿಸಿಕೊಂಡರೆ ಸಾಕು. ಆದರೂ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್, ಅದರಲ್ಲಿ ಹಳೇ ಫಾಂಟು. ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ತೆಗೆದುಕೊಳ್ಳುವುದಿಲ್ಲ, ಅಂಗಡಿಯವರ ಕಷ್ಟವೂ ಅದೇ. ಪ್ರಶ್ನೆಪತ್ರಿಕೆ, ಸಿಲಬಸ್, ಪಠ್ಯಪುಸ್ತಕ ಎಲ್ಲ ಅಲ್ಲಿಂದಲೇ ಬರುತ್ತವೆ.

ಹಳೇ ಫೈಲನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತವೆ. ಒಂದು ಎಚ್ಚರ ಇರಲಿ. ಕನ್ನಡದ ನಡುವೆ ಇಂಗ್ಲಿಷ್ ಪದ ಇದ್ದರೆ ಕನ್ವರ್ಟರ್ ಅದನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತದೆ. ಅರ್ಥಶಾಸ್ತ್ರ, ಶಿಕ್ಷಣಶಾಸ್ತ್ರದ ನೋಟ್ಸಿನಲ್ಲಿ ಇದು ಪುಟಪುಟಕ್ಕೂ ಆಗುತ್ತದೆ. ಹಾಗಾಗಿ ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಬೇಕು.

ಯೂನಿಕೋಡಿನಲ್ಲಿ ಟೈಪ್ ಮಾಡಿದವರೂ ಎರಡು ಕಡೆ ಎಡವುತ್ತಾರೆ. ‘ಸಂಘ’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿಬಿಡುತ್ತಾರೆ: ಸ೦ಘ. ನೋಡಲು ಎರಡೂ ಒಂದೇ ಥರ. ಓದುವ ಸಾಫ್ಟ್‌ವೇರ್ ಮಾತ್ರ ‘ಸ, ಸೊನ್ನೆ, ಘ’ ಅನ್ನುತ್ತದೆ. ಇನ್ನೊಂದು ಅರ್ಕಾವೊತ್ತು. ‘ಕರ್ನಾಟಕ’ ಅಂತ ಬರೆಯಲು ಒಂಬತ್ತರ ಅಂಕಿ ಹಾಕಿ ‘ಕನಾ೯ಟಕ’ ಮಾಡುತ್ತಾರೆ. ಬ್ಯಾನರ್, ಮದುವೆ ಕಾರ್ಡು, ಸರ್ಕ್ಯುಲರ್ ಎಲ್ಲ ಕಡೆ ಇದನ್ನು ನೋಡಿದ್ದೀರಿ. ಕೇಳುವವರಿಗೆ ಅದು ‘ಕನಾ ಒಂಬತ್ತು ಟಕ’. ವರ್ಡಿನಲ್ಲಿ ಹುಡುಕಿ ಬದಲಿಸುವ ಆಯ್ಕೆ ಇದೆಯಲ್ಲ, ಸೊನ್ನೆಯ ತಪ್ಪನ್ನು ಅದರಿಂದ ಬೇಗ ಸರಿಮಾಡಬಹುದು. ಒಂಬತ್ತರದನ್ನು ಒಂದೊಂದೇ ನೋಡಿ ತಿದ್ದಬೇಕು, ಯಾಕೆಂದರೆ ಅಲ್ಲಿ ಅಕ್ಷರದ ಜಾಗವೂ ಹಿಂದುಮುಂದಾಗಿರುತ್ತದೆ.

ಪಿಡಿಎಫ್ ಬಗ್ಗೆಯೂ ಒಂದು ಮಾತು. ಪಿಡಿಎಫ್ ಅನ್ನು ಮಾಡಿದ್ದು ಎಲ್ಲ ಕಡೆ ಒಂದೇ ಥರ ಕಾಣಲಿ, ಒಂದೇ ಥರ ಪ್ರಿಂಟ್ ಆಗಲಿ ಅಂತ. ಅದರಲ್ಲಿ ಅಕ್ಷರಗಳ ಆಕಾರ ಎಲ್ಲಿ ಕೂರಬೇಕು ಅನ್ನುವುದೇ ಮುಖ್ಯ. ಒತ್ತು, ಗುಣಿತ ಇರುವ ಕನ್ನಡದಂಥ ಲಿಪಿಯಲ್ಲಿ ಆ ಆಕಾರದಿಂದ ವಾಪಸ್ ಅಕ್ಷರಕ್ಕೆ ಬರುವಾಗ ಕೆಲವು ಸಲ ಒತ್ತಕ್ಷರ ಕಳೆದುಹೋಗುತ್ತದೆ, ಗುಣಿತ ಜಾಗ ಬದಲಿಸುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿದ್ದರೂ ಹೀಗಾಗುತ್ತದೆ. ಅದಕ್ಕೇ ಪಿಡಿಎಫ್ ಜೊತೆ ಮೂಲ ವರ್ಡ್ ಫೈಲನ್ನೂ ಕೊಡಿ. ನಿಮ್ಮ ನೋಟ್ಸ್ ಯಾರೋ ಕದ್ದುಬಿಡುತ್ತಾರೆ ಅನ್ನುವ ಭಯಕ್ಕಿಂತ ನಿಮ್ಮದೇ ವಿದ್ಯಾರ್ಥಿ ಅದನ್ನು ಓದಲಾರ ಅನ್ನುವುದು ದೊಡ್ಡ ವಿಷಯ.

ಅಕ್ಷರ ಬಂದರೆ ಸಾಲದು

ನೂರು ಪುಟದ ಪುಸ್ತಕದಲ್ಲಿ ನಾಲ್ಕನೇ ಅಧ್ಯಾಯ ಹುಡುಕಲು ನಾವು ಪುಟ ತಿರುವಿ ದಪ್ಪಕ್ಷರದ ತಲೆಬರಹ ನೋಡುತ್ತೇವೆ. ಎನ್‌ವಿಡಿಎ ಬಳಸುವವರು ವೆಬ್ ಪುಟದಲ್ಲಿ ಕೀಲಿಮಣೆಯ ಎಚ್ ಒತ್ತುತ್ತಾರೆ, ಅದು ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತದೆ. ವರ್ಡ್ ಫೈಲಿನಲ್ಲೂ ಅದೇ ಅನುಕೂಲ ಸಿಗುತ್ತದೆ. ಆದರೆ ನಾವು ಬರೀ ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಹಾಕಿದ್ದರೆ ಕಂಪ್ಯೂಟರಿಗೆ ಅದು ತಲೆಬರಹ ಅಂತ ತಿಳಿಯುವುದಿಲ್ಲ. ವರ್ಡಿನ ಸ್ಟೈಲ್ಸ್ ಪಟ್ಟಿಯಿಂದ ಹೆಡಿಂಗ್ 1, ಹೆಡಿಂಗ್ 2 ಅಂತ ಆರಿಸಬೇಕು. ಪಿಡಿಎಫ್ ಮಾಡುವಾಗಲೂ ಪ್ರಿಂಟ್ ಆಯ್ಕೆಯಿಂದ ಮಾಡಿದರೆ ಈ ಗುರುತೆಲ್ಲ ಅಳಿಸಿಹೋಗುತ್ತದೆ, ಸೇವ್ ಆ್ಯಸ್‌ನಿಂದ ಮಾಡಿದರೆ ಉಳಿಯುತ್ತದೆ. ಇಷ್ಟು ಸಣ್ಣ ವಿಷಯ, ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಒಂದು ಉತ್ತರ ಹುಡುಕಲು ಇಡೀ ಫೈಲನ್ನು ಮೊದಲಿನಿಂದ ಕೇಳಬೇಕಾ ಬೇಡವಾ ಅನ್ನುವುದು ಇದರ ಮೇಲೇ ನಿಂತಿರುತ್ತದೆ.

ಚಿತ್ರ, ಗ್ರಾಫು, ನಕ್ಷೆ ಇದ್ದರೆ ಅದರ ಕೆಳಗೆ ಮಾತಿನಲ್ಲಿ ಬರೆಯಬೇಕು. ‘ಬೇಡಿಕೆ ರೇಖೆಯ ಚಿತ್ರ’ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಹೀಗೆ ಬರೆಯಬಹುದು: ‘ಅಡ್ಡಗೆರೆಯಲ್ಲಿ ಉಳ್ಳಾಗಡ್ಡಿ ಎಷ್ಟು ಕೆಜಿ ಮಾರಾಟವಾಯಿತು ಎಂಬುದಿದೆ, ನಿಂತ ಗೆರೆಯಲ್ಲಿ ಕೆಜಿಯ ಬೆಲೆ ಇದೆ. ರೇಖೆ ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಯುತ್ತದೆ. ಬೆಲೆ 40 ರೂಪಾಯಿ ಇದ್ದಾಗ 10 ಕೆಜಿ, 20 ರೂಪಾಯಿಗೆ ಇಳಿದಾಗ 30 ಕೆಜಿ.’ ಇದನ್ನು ಓದಿದರೆ ಕಣ್ಣು ಕಾಣುವ ವಿದ್ಯಾರ್ಥಿಗೂ ಗ್ರಾಫು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ನನ್ನ ವಿಷಯದಲ್ಲಿ ಎಲ್ಲಕ್ಕಿಂತ ತೊಡಕಿನದು ಛಂದಸ್ಸು. ಪ್ರಸ್ತಾರ ಹಾಕುವಾಗ ಅಕ್ಷರದ ತಲೆಯ ಮೇಲೆ ಲಘುವಿಗೆ ಬಟ್ಟಲಿನ ಗುರುತು, ಗುರುವಿಗೆ ಅಡ್ಡ ಗೀಟು ಹಾಕುತ್ತೇವೆ. ಟೈಪ್ ಮಾಡುವವರು ಲಘುವಿಗೆ ಇಂಗ್ಲಿಷಿನ ಯು, ಗುರುವಿಗೆ ಡ್ಯಾಶ್ ಬಳಸುತ್ತಾರೆ. ಸ್ಕ್ರೀನ್ ರೀಡರ್ ಮೊದಲು ಮೇಲಿನ ಸಾಲು ಪೂರ್ತಿ ಓದುತ್ತದೆ, ಆಮೇಲೆ ಕೆಳಗಿನ ಪದ್ಯದ ಸಾಲು. ಯಾವ ಗುರುತು ಯಾವ ಅಕ್ಷರದ್ದು ಅಂತ ತಿಳಿಯುವುದೇ ಇಲ್ಲ. ಅದೂ ಸಾಲದೆ ಮಾಮೂಲಿ ಸೆಟ್ಟಿಂಗಿನಲ್ಲಿ ಡ್ಯಾಶನ್ನು ಎಷ್ಟೋ ಸಲ ಓದದೇ ಬಿಟ್ಟುಬಿಡುತ್ತದೆ. ಅಂದರೆ ಗುರುಗಳೆಲ್ಲ ಮಾಯ, ಲಘುಗಳಷ್ಟೇ ಉಳಿದವು. ಇದಕ್ಕೆ ಪರಿಹಾರ, ಅಕ್ಷರದ ಪಕ್ಕದಲ್ಲೇ ಮಾತಿನಲ್ಲಿ ಬರೆಯುವುದು. ‘ಹುಬ್ಬಳ್ಳಿ: ಹು ಗುರು, ಬ್ಬ ಗುರು, ಳ್ಳಿ ಲಘು. ಧಾರವಾಡ: ಧಾ ಗುರು, ರ ಲಘು, ವಾ ಗುರು, ಡ ಲಘು. ಗದಗ: ಮೂರೂ ಲಘು.’ ಹು ಯಾಕೆ ಗುರು ಅಂದರೆ ಅದರ ಮುಂದೆ ಒತ್ತಕ್ಷರ ಇದೆ. ಹೀಗೆ ಬರೆದುಕೊಟ್ಟರೆ ಕಿವಿಯಿಂದ ಓದುವ ವಿದ್ಯಾರ್ಥಿ ಛಂದಸ್ಸನ್ನು ಬೇಗ ಹಿಡಿಯುತ್ತಾನೆ. ಲಯ ಇರುವುದೇ ಕಿವಿಯಲ್ಲಿ ತಾನೇ.

ಗಣಿತ, ವಿಜ್ಞಾನದವರಿಗೆ ಒಂದೇ ಮಾತು: ಸಮೀಕರಣವನ್ನು ಚಿತ್ರವಾಗಿ ಅಂಟಿಸಬೇಡಿ, ವರ್ಡಿನ ಈಕ್ವೇಶನ್ ಸೌಲಭ್ಯದಲ್ಲೇ ಬರೆಯಿರಿ. ಓದಿ ಹೇಳುವ ಸಾಫ್ಟ್‌ವೇರು ಅದನ್ನು ಹಿಡಿಯಬಲ್ಲದು.

ಕಣ್ಣು ಕಾಣದವರಿಗಷ್ಟೇ ಅಲ್ಲ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಅದರಲ್ಲಿ ಮಂದದೃಷ್ಟಿ ಇದೆ, ಕಿವುಡುತನ ಇದೆ, ಓದು ಬರಹದಲ್ಲಿ ತೊಡಕಾಗುವ ಡಿಸ್‌ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇದೆ, ಹಿಮೊಫಿಲಿಯಾ, ಥಲಸ್ಸೇಮಿಯಾ ಕೂಡ ಇವೆ. ಒಬ್ಬೊಬ್ಬರಿಗೆ ಬೇಕಾದದ್ದು ಒಂದೊಂದು.

ಮಂದದೃಷ್ಟಿಯವರಿಗೆ ನಾವು ಸಾಮಾನ್ಯವಾಗಿ ಮಾಡುವುದು ಏನೆಂದರೆ ಝೆರಾಕ್ಸ್ ಅಂಗಡಿಗೆ ಹೋಗಿ ಎ4 ಪುಟವನ್ನು ಎ3ಗೆ ದೊಡ್ಡದು ಮಾಡಿಸುವುದು. ಮಸುಕಾದ ಅಕ್ಷರ ದೊಡ್ಡ ಮಸುಕಾಗುತ್ತದೆ, ಡೆಸ್ಕಿನ ಮೇಲೆ ಹಾಳೆ ಹಿಡಿಸುವುದಿಲ್ಲ. ಕನ್ನಡದಲ್ಲಿ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ನಮ್ಮ ಒತ್ತಕ್ಷರ ಸಣ್ಣದಾಗಿ ಕೆಳಗೆ ಕೂರುತ್ತದೆ. ಸಾಲುಗಳ ನಡುವೆ ಜಾಗ ಇಲ್ಲದಿದ್ದರೆ ಅದು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲು ಬರುವುದಿಲ್ಲ. ಫೈಲಿನಲ್ಲೇ ಅಕ್ಷರದ ಗಾತ್ರ 18, 20ಕ್ಕೆ ಏರಿಸಿ, ಸಾಲಿನ ಅಂತರವನ್ನೂ ಹೆಚ್ಚಿಸಿ ಪ್ರಿಂಟ್ ತೆಗೆದರೆ ಬೇರೆಯೇ ಅನುಭವ. ಮೊಬೈಲಿನಲ್ಲಿ ಓದುವವರಾದರೆ ತಮಗೆ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುತ್ತಾರೆ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಮಾಡಿಕೊಳ್ಳುತ್ತಾರೆ. ಡಿಸ್‌ಲೆಕ್ಸಿಯಾ ಇರುವವರಿಗೂ ಇಂಥದ್ದೇ ಫೈಲು ಅನುಕೂಲ. ಕಣ್ಣಿನಿಂದ ಸಾಲು ಹಿಡಿಯುತ್ತ ಕಿವಿಯಲ್ಲಿ ಅದೇ ಸಾಲನ್ನು ಕೇಳಬಹುದು. ಕೈ ಆಡದ, ಪುಟ ತಿರುವಲಾರದ ವಿದ್ಯಾರ್ಥಿಗೂ ಅಷ್ಟೇ.

ಕಿವಿ ಕೇಳದವರಿಗೆ ಪುಸ್ತಕ ಕಾಣುತ್ತದೆ, ಪಾಠ ಕೇಳುವುದಿಲ್ಲ. ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ ಮಾತಾಡಿದರೆ ತುಟಿ ಓದುವ ದಾರಿಯೂ ಮುಚ್ಚಿತು. ಪಾಠದ ಮುಖ್ಯ ಅಂಶಗಳನ್ನು ಮೊದಲೇ ಬರೆದು ಕೊಡಬೇಕು, ವಿಡಿಯೋ ಹಾಕಿದರೆ ಕೆಳಗೆ ಕನ್ನಡದಲ್ಲಿ ಮಾತುಗಳು ಬರಬೇಕು. ಇಲ್ಲಿ ಇನ್ನೊಂದು ವಿಷಯ ಗೊತ್ತಿರಬೇಕು. ಹುಟ್ಟಿನಿಂದ ಕಿವಿ ಕೇಳದೆ ಸಂಜ್ಞಾ ಭಾಷೆಯಲ್ಲೇ ಬೆಳೆದವರಿಗೆ ಬರೆದ ಕನ್ನಡ ಎರಡನೇ ಭಾಷೆ ಇದ್ದ ಹಾಗೆ. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣ ಇದೆ. ಉದ್ದುದ್ದ ಸಮಾಸದ ವಾಕ್ಯ ಕೊಟ್ಟು ‘ಬರೆದು ಕೊಟ್ಟಿದ್ದೇವಲ್ಲ’ ಅಂದರೆ ಆಗುವುದಿಲ್ಲ. ಪಾರಿಭಾಷಿಕ ಪದಗಳ ಅರ್ಥವನ್ನು ಬೇರೆಯಾಗಿ, ಸರಳವಾಗಿ ಬರೆದು ಕೊಡಬೇಕು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಿದ್ದವು, ವಿಡಿಯೋ ರೂಪದಲ್ಲಿ ಉಚಿತವಾಗಿ ಸಿಗುತ್ತದೆ.

ಬ್ರೈಲ್ ಎಲ್ಲಿ ಬರುತ್ತದೆ?

ಬ್ರೈಲಿಗೆ ಈಗಲೂ ಅದರದೇ ಜಾಗ ಇದೆ. ಕಾಗುಣಿತ, ಸಂಗೀತದ ಸ್ವರಲಿಪಿ, ಗಣಿತ ಇವನ್ನೆಲ್ಲ ಬರೀ ಕೇಳಿ ಕಲಿಯುವುದಕ್ಕಿಂತ ಬೆರಳಿನಿಂದ ಓದಿ ಕಲಿಯುವುದು ಗಟ್ಟಿ. ಆದರೆ ಬ್ರೈಲ್ ಪುಸ್ತಕ ದಪ್ಪ. ನಮ್ಮ ಒಂದು ಪುಸ್ತಕ ಹಲವು ಸಂಪುಟಗಳಾಗುತ್ತದೆ. ಎಲ್ಲ ವಿಷಯಗಳನ್ನೂ ಬ್ರೈಲಿನಲ್ಲಿ ಹೊತ್ತು ತಿರುಗಲು ಆಗುವುದಿಲ್ಲ. ಮುಖ್ಯ ಸಂಗತಿ ಏನೆಂದರೆ ಇವತ್ತು ಬ್ರೈಲ್ ಮಾಡುವುದೂ ಕಂಪ್ಯೂಟರಿನ ಅಕ್ಷರದಿಂದಲೇ. ಲಿಬ್ಲೂಯಿ ಅನ್ನೋ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಬ್ರೈಲಿಗೆ ತಿರುಗಿಸುತ್ತದೆ. ಅಂದರೆ ಒಂದೇ ಒಂದು ಶುದ್ಧ ಯೂನಿಕೋಡ್ ಫೈಲು ಇದ್ದರೆ ಅದರಿಂದ ಧ್ವನಿ, ದೊಡ್ಡಕ್ಷರ, ಬ್ರೈಲ್ ಮೂರೂ ಹುಟ್ಟುತ್ತವೆ.

ಇಲ್ಲಿ ಗದಗಿನ ನೆನಪಾಗುತ್ತದೆ. ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಕಣ್ಣು ಕಾಣದವರು, ತಮ್ಮಂಥ ನೂರಾರು ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಇಬ್ಬರೂ ಹಾವೇರಿ ಜಿಲ್ಲೆಯ ಹಾನಗಲ್ ಸೀಮೆಯವರು. ಈ ಭಾಗದಲ್ಲಿ ಕಣ್ಣಿಲ್ಲದವರು ಏನು ಓದುತ್ತಾರೆ ಅಂತ ಯಾರೂ ಕೇಳುವಂತಿಲ್ಲ. ಆದರೆ ರಾಗವನ್ನು ಗುರುವಿನ ಬಾಯಿಂದ ಕೇಳಿ ಕಲಿಯಬಹುದು, ರಾಜ್ಯಶಾಸ್ತ್ರ ಓದುವ ಹುಡುಗಿಗೆ ಮತ್ತೆ ಮತ್ತೆ ತಿರುಗಿ ನೋಡಲು ಪುಟ ಬೇಕು. ಅದೇ ಗದಗಕ್ಕೆ ಮುದ್ರಣ ಕಾಶಿ ಅನ್ನೋ ಹೆಸರೂ ಇದೆ. ಅಲ್ಲಿ, ಹುಬ್ಬಳ್ಳಿಯಲ್ಲಿ, ಧಾರವಾಡದಲ್ಲಿ ಅಚ್ಚಾಗುವ ಪ್ರತಿಯೊಂದು ಪಠ್ಯಪುಸ್ತಕವೂ ಅಚ್ಚಾಗುವ ಮೊದಲು ಯಾರದೋ ಕಂಪ್ಯೂಟರಿನಲ್ಲಿ ಫೈಲಾಗಿ ಇದ್ದೇ ಇರುತ್ತದೆ. ನಾವು ಆ ಫೈಲನ್ನು ಕೇಳುವುದಿಲ್ಲ. ಅಚ್ಚಾದ ಪುಸ್ತಕ ಕೊಂಡು, ಫೋಟೋ ಹೊಡೆದು, ಓಸಿಆರ್ ಮಾಡಿ, ವಾರಗಟ್ಟಲೆ ತಿದ್ದಿ, ಇದ್ದ ಫೈಲನ್ನೇ ಮತ್ತೆ ಹುಟ್ಟಿಸುತ್ತೇವೆ. ಪಠ್ಯ ಆರಿಸುವಾಗಲೇ, ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಿಸುವ ಪ್ರಸಾರಾಂಗ ಇರಲಿ ಖಾಸಗಿ ಪ್ರಕಾಶಕರಿರಲಿ, ಯೂನಿಕೋಡ್ ಪ್ರತಿಯನ್ನೂ ಕೊಡಬೇಕು ಅಂತ ಷರತ್ತು ಹಾಕಿದರೆ ಈ ಶ್ರಮವೆಲ್ಲ ಉಳಿಯುತ್ತದೆ. ನನ್ನನ್ನು ಕೇಳಿದರೆ ವಿಶ್ವವಿದ್ಯಾಲಯಗಳು ಮಾಡಬೇಕಾದ ಮೊದಲ ಕೆಲಸ ಇದೇ.

‘ಕಾಪಿರೈಟ್ ಅಡ್ಡ ಬರಲ್ವಾ?’

ಪ್ರತಿ ಸಲ ಬರುವ ಪ್ರಶ್ನೆ. ಬರುವುದಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಮಾಡಿ 52ನೇ ಕಲಮಿನಲ್ಲಿ ಇದಕ್ಕೆಂದೇ ಒಂದು ಅವಕಾಶ ಸೇರಿಸಿದರು. ವಿಕಲಚೇತನರು ಓದಲು ಅನುಕೂಲವಾಗಲಿ ಅಂತ ಯಾರು ಬೇಕಾದರೂ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ಬದಲಿಸಿ ಕೊಡಬಹುದು, ಓದಿಗೆ, ಸಂಶೋಧನೆಗೆ, ಸ್ವಂತ ಬಳಕೆಗೆ. ಲಾಭಕ್ಕೆ ಮಾರುವಂತಿಲ್ಲ, ತಯಾರಿಸಿದ ಖರ್ಚಷ್ಟೇ ತೆಗೆದುಕೊಳ್ಳಬಹುದು. ಎಲ್ಲರೂ ಇರುವ ಗ್ರೂಪಿಗೆ ಹಾಕಿ ಹಂಚಲು ಇದು ಪರವಾನಗಿ ಕೊಡುವುದಿಲ್ಲ, ಅದು ನೆನಪಿರಲಿ. ಬೇರೆ ದೇಶಗಳ ನಡುವೆ ಇಂಥ ಪುಸ್ತಕ ಹಂಚಿಕೊಳ್ಳಲು 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು, ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರ ಆಗಸ್ಟಿನಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಅನ್ನೋ ಆನ್‌ಲೈನ್ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳಿವೆ. ಅಚ್ಚಿನ ಪುಸ್ತಕ ಓದಲಾರದವರು ಪ್ರಮಾಣಪತ್ರ ಕೊಟ್ಟು ಸದಸ್ಯರಾಗಬಹುದು. ಹೊಸದಾಗಿ ಟೈಪ್ ಮಾಡುವ ಮೊದಲು ಅಲ್ಲಿ ಒಮ್ಮೆ ಹುಡುಕಿ.

ಕಾಲೇಜಿನ ಹೊಣೆ ಏನು ಅನ್ನುವುದನ್ನೂ 2016ರ ಕಾಯ್ದೆ ಹೇಳಿದೆ. ಉಚಿತ ಪುಸ್ತಕ, ಸಲಕರಣೆಯ ಮಾತು 18 ವರ್ಷದವರೆಗೆ ಅಂತ ಅದರಲ್ಲಿದೆ. ಡಿಗ್ರಿಗೆ ಬರುವ ಹೊತ್ತಿಗೆ ಆ ವಯಸ್ಸು ಮುಗಿದಿರುತ್ತದೆ, ಹಾಗಾಗಿ ಕೆಲವರು ನಮಗೇನೂ ಹೊಣೆ ಇಲ್ಲ ಅಂದುಬಿಡುತ್ತಾರೆ. ಅದು ಸರಿಯಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ಆಯಾ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಅಂತ 16ನೇ ಕಲಮು ಹೇಳುತ್ತದೆ. ಅದನ್ನು ನಿರಾಕರಿಸಿದರೆ ತಾರತಮ್ಯ ಮಾಡಿದಂತೆ ಅಂತ ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿದೆ. 2021ರಲ್ಲಿ ಸುಪ್ರೀಂ ಕೋರ್ಟು ಕೈ ಸೆಳೆತದಿಂದ ಬರೆಯಲಾಗದ ಒಬ್ಬ ಅಭ್ಯರ್ಥಿಯ ಪ್ರಕರಣದಲ್ಲಿ, ಅಂಗವೈಕಲ್ಯ ಶೇಕಡಾ 40ರ ಮಿತಿ ಮುಟ್ಟದವರಿಗೂ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಕೊಡಬೇಕು ಅಂತ ತೀರ್ಪು ಕೊಟ್ಟಿತು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು ಅಂತ 2018ರಲ್ಲಿ ಕೇಂದ್ರ ಮಾರ್ಗಸೂಚಿ ಹೊರಡಿಸಿತು. ಮೂರು ತಾಸಿನ ಪರೀಕ್ಷೆಗೆ ಒಂದು ತಾಸು.

ಆದರೆ ಪರೀಕ್ಷೆಯ ದಿನದ ಅನುಕೂಲದ ಬಗ್ಗೆ ನಾವು ಮಾತಾಡುವಷ್ಟು, ಅದರ ಹಿಂದಿನ ನಾಲ್ಕು ತಿಂಗಳ ಓದಿನ ಬಗ್ಗೆ ಮಾತಾಡುವುದಿಲ್ಲ. ಒಂದು ತಾಸು ಹೆಚ್ಚು ಕೊಟ್ಟು, ಓದಲು ಮಾತ್ರ ಏನೂ ಕೊಡದಿದ್ದರೆ ಆ ತಾಸಿನಲ್ಲಿ ಬರೆಯುವುದಾದರೂ ಏನನ್ನು? ಉಳಿದವರಿಗೆ ಜುಲೈನಲ್ಲಿ ಸಿಕ್ಕ ನೋಟ್ಸ್ ಇವರಿಗೆ ನವೆಂಬರಿನಲ್ಲಿ ಸಿಕ್ಕರೆ ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ.

ಅದಕ್ಕೇ ವಿದ್ಯಾರ್ಥಿಗಳಿಗೆ ನಾನು ಹೇಳುವುದು: ಅಡ್ಮಿಷನ್ ಆದ ವಾರದಲ್ಲೇ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ‘ಸಹಾಯ ಮಾಡಬೇಕಾಗಿ ವಿನಂತಿ’ ಅಂತ ಮೇಲೆ ಮೇಲೆ ಬರೆದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಯಾವ ಯಾವ ಪತ್ರಿಕೆ, ಯಾವ ಪಠ್ಯ, ನಿಮಗೆ ಯಾವ ರೂಪದಲ್ಲಿ ಬೇಕು, ಯೂನಿಕೋಡ್ ವರ್ಡ್ ಫೈಲಾ, 20ರ ಗಾತ್ರದ ಪ್ರಿಂಟಾ, ಬ್ರೈಲಾ, ಯಾವ ತಾರೀಕಿನೊಳಗೆ ಬೇಕು ಅಂತ ಬಿಡಿಸಿ ಬರೆಯಿರಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿ. ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ಇರಾದೆ ಇದ್ದರೆ ಪ್ರಶ್ನೆಪತ್ರಿಕೆಯೂ ಯೂನಿಕೋಡಿನಲ್ಲಿ ಬೇಕು ಅಂತ ಈಗಲೇ ಹೇಳಿ, ಪರೀಕ್ಷೆ ಹತ್ತಿರ ಬಂದಾಗ ಅದು ಆಗದ ಕೆಲಸ. ಕಾಲೇಜಿನಲ್ಲಿ ಸಮಾನ ಅವಕಾಶ ಘಟಕ ಇದ್ದರೆ ಅದಕ್ಕೊಂದು ಪ್ರತಿ, ಗ್ರಂಥಪಾಲಕರಿಗೊಂದು ಪ್ರತಿ. ನಿಮ್ಮ ಪ್ರತಿಯ ಮೇಲೆ ಆಫೀಸಿನ ಸೀಲು, ತಾರೀಕು ಹಾಕಿಸಿ ಇಟ್ಟುಕೊಳ್ಳಿ. ತಿಂಗಳಾದರೂ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು, ಆಗ ಆ ಸೀಲಿನ ಪ್ರತಿಯನ್ನು ದೂರಿನ ಜೊತೆ ಲಗತ್ತಿಸಬೇಕು.